ಹಳೇ ಗಾಡಿ ರೇಸ್ ಕೊಟ್ಟಾಗ ತಡವರಿಸಿದರೆ: ದೋಷ ಹುಡುಕುವ ದಾರಿ

ಆಕ್ಸಿಲರೇಟರ್ ಒತ್ತುತ್ತೀರಿ. ಗಾಡಿ ಮುಂದಕ್ಕೆ ಹೋಗುವುದಿಲ್ಲ. ಒಂದು ಕ್ಷಣ ಉಸಿರು ಕಟ್ಟಿದ ಹಾಗೆ ನಿಂತು, ಆಮೇಲೆ ಧಡಕ್ ಅಂತ ಎಳೆಯುತ್ತದೆ. ಮುಂದಿನ ಗಾಡಿಯನ್ನು ಹಿಂದೆ ಹಾಕಲು ಪಕ್ಕಕ್ಕೆ ಬಂದಾಗ, ಅಡ್ಡರಸ್ತೆ ದಾಟುವಾಗ ನಮಗೆ ಬೇಕಾಗುವುದು ಸರಿಯಾಗಿ ಆ ಒಂದು ಕ್ಷಣವೇ. ಅದಕ್ಕೇ ಇದನ್ನು ‘ಹಳೇ ಗಾಡಿ, ಹೀಗೇ ಇರುತ್ತೆ ಬಿಡಿ’ ಅಂತ ಬಿಟ್ಟುಬಿಡಬಾರದು. ಚೆನ್ನಾಗಿ ಟ್ಯೂನ್ ಆಗಿರುವ ಹಳೇ ಎಂಜಿನ್ ತಡವರಿಸುವುದಿಲ್ಲ. ತಡವರಿಸುತ್ತಿದೆ ಅಂದರೆ ಕಾರಣ ಇದ್ದೇ ಇದೆ. ಬಹಳ ಸಲ ಅದು ಸಣ್ಣ ಕಾರಣ.

ಇಲ್ಲಿ ಮುಖ್ಯವಾಗಿ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಮತ್ತು ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಪೆಟ್ರೋಲ್ ಗಾಡಿಗಳ ಬಗ್ಗೆ ಬರೆಯುತ್ತಿದ್ದೇನೆ. ಡಿಸ್ಟ್ರಿಬ್ಯೂಟರ್‌ಗೆ ಗ್ಯಾರೇಜುಗಳಲ್ಲಿ ಡೆಲ್ಕೊ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಕಾರ್ಬ್ಯುರೇಟರ್ ಬದಲು ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಚಿಮ್ಮಿಸುವ ಮೊದಮೊದಲ ಇಂಜೆಕ್ಷನ್ ಗಾಡಿಗಳ ವಿಷಯ ಮುಂದೆ ಬರುತ್ತದೆ.

ನಾನು ಒತ್ತಿ ಹೇಳಬೇಕಾದ್ದು ಒಂದೇ. ಕಾರ್ಬ್ಯುರೇಟರ್ ಬಿಚ್ಚುವ ಮೊದಲು ಕಿಡಿಯ ಕಡೆ ಎಲ್ಲವನ್ನೂ ನೋಡಿ ಮುಗಿಸಿ. ಪಿಕಪ್ ಹೋಯಿತು ಅಂದ ಕೂಡಲೇ ಎಲ್ಲರ ಕೈ ಕಾರ್ಬ್ಯುರೇಟರ್ ಕಡೆಗೇ ಹೋಗುತ್ತದೆ. ನನ್ನ ಕೈಯೂ ಹೋಗಿತ್ತು. ಎರಡು ಸಲ ಬಿಚ್ಚಿದೆ, ತೊಳೆದೆ, ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್ ಊದಿದೆ, ಹೊಸ ರಿಪೇರಿ ಕಿಟ್ ಹಾಕಿದೆ. ದೋಷ ಇದ್ದದ್ದು ಡೆಲ್ಕೊ ಒಳಗಿನ ಬೆರಳುದ್ದದ ಒಂದು ವೈರಿನಲ್ಲಿ.

ಮೊದಲು ‘ಯಾವಾಗ’ ಅಂತ ಕೇಳಿ

ಸ್ಪ್ಯಾನರ್ ಎತ್ತಿಕೊಳ್ಳುವ ಮುಂಚೆ ಗಾಡಿಯನ್ನು ಅರ್ಧ ಗಂಟೆ ಓಡಿಸಿ. ಪಕ್ಕದಲ್ಲಿ ಒಬ್ಬರು ಕೂತು ಬರೆದುಕೊಂಡರೆ ಇನ್ನೂ ಒಳ್ಳೆಯದು. ತಣ್ಣಗಿದ್ದಾಗ ತಡವರಿಸುತ್ತದೋ, ಕಾದ ಮೇಲೋ? ಪೆಡಲ್ ಒತ್ತಿದ ಆ ಕ್ಷಣ ಮಾತ್ರವೋ, ಒಂದೇ ವೇಗದಲ್ಲಿ ಹೋಗುವಾಗಲೂ ಜಗ್ಗುತ್ತದೋ? ಏರಿನಲ್ಲಿ ಜಾಸ್ತಿಯೋ? ಮೆಲ್ಲಗೆ ಒತ್ತಿದರೆ ಸರಿಯಾಗಿ ಹೋಗಿ, ಜೋರಾಗಿ ಒತ್ತಿದರೆ ಮಾತ್ರ ಮುಗ್ಗರಿಸುತ್ತದೋ? ಇಪ್ಪತ್ತು ನಿಮಿಷ ಓಡಿದ ಮೇಲೆ ಶುರುವಾಗಿ, ಸ್ವಲ್ಪ ಹೊತ್ತು ನಿಲ್ಲಿಸಿದರೆ ಸರಿಹೋಗುತ್ತದೋ?

ಈ ಉತ್ತರಗಳೇ ಅರ್ಧ ಕೆಲಸ ಮುಗಿಸುತ್ತವೆ. ಒತ್ತಿದ ಕ್ಷಣ ಮಾತ್ರ ಆದರೆ ಆಕ್ಸಿಲರೇಟರ್ ಪಂಪ್, ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ ಗಾಳಿ ಎಳೆಯುವ ಬಲದಿಂದ ಕಿಡಿಯನ್ನು ಬೇಗ ತರುವ ಏರ್ಪಾಡು), ಏರ್ ಲೀಕ್ ಈ ಮೂರರ ಕಡೆ ನೋಡಿ. ಏರಿನಲ್ಲಿ, ಜೋರಾಗಿ ಓಡಿಸುವಾಗ ಮಾತ್ರ ಆದರೆ ಪೆಟ್ರೋಲ್ ಸಾಲದೆ ಬರುತ್ತಿರಬಹುದು, ಇಲ್ಲವೇ ಕಿಡಿ ದುರ್ಬಲವಾಗಿರಬಹುದು. ತಣ್ಣಗಿದ್ದಾಗ ಮಾತ್ರ ಆದರೆ ಚೋಕ್, ಅಂದರೆ ಗಾಳಿ ತಡೆದು ಪೆಟ್ರೋಲ್ ಜಾಸ್ತಿ ಎಳೆಸುವ ಮುಚ್ಚಳ. ಸ್ವಲ್ಪ ದೂರ ಹೋದ ಮೇಲೆ ಮಾತ್ರ ಆದರೆ ಟ್ಯಾಂಕಿನ ಮುಚ್ಚಳದಿಂದ ಶುರು ಮಾಡಿ.

ಇನ್ನೊಂದು ಪ್ರಶ್ನೆ, ಇದನ್ನು ಮರೆಯಬೇಡಿ: ದೋಷ ಶುರುವಾಗುವ ಸ್ವಲ್ಪ ಮುಂಚೆ ಗಾಡಿಯಲ್ಲಿ ಏನು ಕೆಲಸ ಮಾಡಿಸಿದ್ದಿರಿ? ಪಾಯಿಂಟ್ (ಡೆಲ್ಕೊ ಒಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸ್ವಿಚ್) ಬದಲಿಸಿದ್ದರೆ, ಮ್ಯಾನಿಫೋಲ್ಡ್ (ಮಿಶ್ರಣವನ್ನು ಸಿಲಿಂಡರ್‌ಗಳಿಗೆ ಒಯ್ಯುವ ಕೊಳವೆ) ಬಿಚ್ಚಿದ್ದರೆ, ಏರ್ ಫಿಲ್ಟರ್ ಡಬ್ಬ ತೆಗೆದು ಹಾಕಿದ್ದರೆ ಮೊದಲು ಅಲ್ಲೇ ನೋಡಿ. ಸಿಕ್ಕಿಸಲು ಮರೆತ ಒಂದು ರಬ್ಬರ್ ಪೈಪ್ ಸಾಕು.

ಆ ಕ್ಷಣದಲ್ಲಿ ಒಳಗೆ ಏನಾಗುತ್ತದೆ

ಇದು ತಿಳಿದರೆ ಮುಂದಿನದೆಲ್ಲ ಸುಲಭ. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಬಲವಾಗಿ ಎಳೆಯುವಾಗ ಪೆಟ್ರೋಲ್ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಬೇಕು. ಈಗ ಥ್ರಾಟಲ್, ಅಂದರೆ ಪೆಡಲ್ ಒತ್ತಿದರೆ ಗಾಳಿಗೆ ದಾರಿ ಬಿಡುವ ಮುಚ್ಚಳ, ತಟ್ಟನೆ ತೆರೆಯಿತು ಅನ್ನಿ. ಗಾಳಿ ಹಗುರ, ತಕ್ಷಣ ನುಗ್ಗುತ್ತದೆ. ಪೆಟ್ರೋಲ್ ಭಾರ, ಹಿಂದೆ ಬೀಳುತ್ತದೆ. ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಕುಸಿಯುವುದರಿಂದ ಪೆಟ್ರೋಲ್ ಆವಿಯಾಗುವುದೂ ಕಡಿಮೆಯಾಗಿ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಸಿಲಿಂಡರಿಗೆ ಹೋಗುವ ಮಿಶ್ರಣ ಒಂದು ಕ್ಷಣ ತೆಳುವಾಗುತ್ತದೆ. ಆ ಕೊರತೆ ತುಂಬಲೆಂದೇ ಆಕ್ಸಿಲರೇಟರ್ ಪಂಪ್ ಇರುವುದು. ಪೆಡಲ್ ಒತ್ತಿದ ಕೂಡಲೇ ಅದು ಒಂದು ಚಿಲುಮೆ ಪೆಟ್ರೋಲ್ ನೇರವಾಗಿ ಚಿಮ್ಮಿಸುತ್ತದೆ.

ಅದೇ ಹೊತ್ತಿನಲ್ಲಿ ಕಿಡಿಯ ಕಡೆಯೂ ಬದಲಾವಣೆ ನಡೆಯುತ್ತಿರುತ್ತದೆ. ಥ್ರಾಟಲ್ ಸ್ವಲ್ಪ ತೆರೆದ ತಕ್ಷಣ ವ್ಯಾಕ್ಯೂಮ್ ಪೈಪಿನ ತೂತು ತೆರೆದುಕೊಂಡು, ಡೆಲ್ಕೊ ಒಳಗೆ ಪಾಯಿಂಟ್ ಕೂತಿರುವ ತಟ್ಟೆ ತಿರುಗುತ್ತದೆ, ಕಿಡಿ ಬೇಗ ಬರುತ್ತದೆ. ಎರಡೂ ಒಂದೇ ಗಳಿಗೆಯಲ್ಲಿ ಆಗುವುದರಿಂದ ಸೀಟಿನಲ್ಲಿ ಕೂತವರಿಗೆ ಎರಡರ ದೋಷವೂ ಒಂದೇ ಥರ ಅನ್ನಿಸುತ್ತದೆ. ನಾನು ಮೋಸ ಹೋದದ್ದು ಇಲ್ಲೇ.

ಎಚ್ಚರಿಕೆ

ಗಾಡಿ ಬಯಲಿನಲ್ಲಿ ನಿಲ್ಲಿಸಿ. ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಿದರೆ ಹೊಗೆಯ ಕಾರ್ಬನ್ ಮಾನಾಕ್ಸೈಡ್ ವಾಸನೆಯೂ ಬಾರದೆ ಪ್ರಾಣ ತೆಗೆಯುತ್ತದೆ. ಸಡಿಲ ತೋಳು, ಸರ, ಬಿಟ್ಟ ಕೂದಲು ಫ್ಯಾನ್ ಬೆಲ್ಟಿನ ಹತ್ತಿರ ಬೇಡ. ಪೆಟ್ರೋಲ್ ಪೈಪ್ ಬಿಚ್ಚುವಾಗ ಎಂಜಿನ್ ತಣ್ಣಗಿರಲಿ, ಬ್ಯಾಟರಿಯ ನೆಗೆಟಿವ್ ಕಳಚಿರಲಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವ ಹಾಗಿರಲಿ.

ಕಿಡಿಯ ಕಡೆ

ಪ್ಲಗ್‌ಗಳಿಂದ ಶುರು ಮಾಡಿ. ಸುಮ್ನೆ ಸ್ಲೋ ಸ್ಪೀಡಿನಲ್ಲಿ ಓಡಿಸಿ ಬಿಚ್ಚಿದರೆ ಬಣ್ಣ ಸುಳ್ಳು ಹೇಳುತ್ತದೆ. ಚೆನ್ನಾಗಿ ಓಡಿಸಿ, ಎಳೆಯುತ್ತಿರುವಾಗಲೇ ಸುರಕ್ಷಿತ ಜಾಗದಲ್ಲಿ ಬದಿಗೆ ನಿಲ್ಲಿಸಿ ಆಫ್ ಮಾಡಿ, ಸ್ವಲ್ಪ ತಣಿದ ಮೇಲೆ ಬಿಚ್ಚಿ. ತುದಿ ತಿಳಿ ಕಂದು ಬಣ್ಣವಿದ್ದರೆ ಒಳ್ಳೆಯದು. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ, ಇಲ್ಲವೇ ಏರ್ ಎಳೆಯುತ್ತಿದೆ. ಒದ್ದೆ ಎಣ್ಣೆ ಇದ್ದರೆ ಅದು ಬೇರೆಯದೇ ಸಮಸ್ಯೆ. ನಾಲ್ಕರಲ್ಲಿ ಒಂದು ಮಾತ್ರ ಬೇರೆ ಬಣ್ಣವಿದ್ದರೆ ಆ ಸಿಲಿಂಡರಿನಲ್ಲೇ ಹುಡುಕಿ. ಪಾಯಿಂಟ್ ಇರುವ ಹಳೇ ಗಾಡಿಗಳಲ್ಲಿ ಪ್ಲಗ್ ಗ್ಯಾಪ್ ಸಾಮಾನ್ಯವಾಗಿ 0.6 ರಿಂದ 0.8 ಮಿಲಿಮೀಟರ್. ನಿಮ್ಮ ಗಾಡಿಯ ಪುಸ್ತಕದಲ್ಲಿ ಇರುವ ಅಳತೆಯೇ ಕೊನೆಯ ಮಾತು. ಗ್ಯಾಪ್ ಸವೆದು ದೊಡ್ಡದಾಗಿದ್ದರೆ ಸ್ಲೋ ಸ್ಪೀಡಿನಲ್ಲಿ ಏನೂ ಗೊತ್ತಾಗುವುದಿಲ್ಲ. ರೇಸ್ ಕೊಟ್ಟಾಗ ಸಿಲಿಂಡರಿನ ಒತ್ತಡ ಏರುತ್ತದೆ, ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕಾಗುತ್ತದೆ, ಆಗ ಮಿಸ್ ಹೊಡೆಯುತ್ತದೆ.

ಪ್ಲಗ್ ವೈರ್‌ಗಳನ್ನು ರಾತ್ರಿ ನೋಡಬೇಕು. ಬಾನೆಟ್ ಎತ್ತಿ, ದೀಪ ಆರಿಸಿ, ಎಂಜಿನ್ ಓಡುತ್ತಿರಲಿ. ಲೀಕ್ ಇದ್ದರೆ ನೀಲಿ ಕಿಡಿಗಳು ವೈರಿನ ಮೈಮೇಲೆ ಓಡಾಡುವುದು ಕಣ್ಣಿಗೇ ಕಾಣುತ್ತದೆ. ಕೈ ಮಾತ್ರ ಹಾಕಬೇಡಿ. ಡೆಲ್ಕೊ ಮುಚ್ಚಳದ ಒಳಗೆ ಪೆನ್ಸಿಲ್ ಗೆರೆಯ ಹಾಗೆ ಕಪ್ಪು ಗೆರೆ ಇದ್ದರೆ ಅದು ಸೀಳು, ಇಲ್ಲವೇ ಕಿಡಿ ಹರಿದು ಸುಟ್ಟ ಜಾಡು. ಒರೆಸಿ ಪ್ರಯೋಜನವಿಲ್ಲ, ಬದಲಿಸಿ.

ಪಾಯಿಂಟ್ ಗ್ಯಾಪ್ ಬಹಳ ಗಾಡಿಗಳಲ್ಲಿ 0.4 ಮಿಲಿಮೀಟರ್ ಆಸುಪಾಸು. ಪಾಯಿಂಟಿನ ಫೈಬರ್ ಹಿಮ್ಮಡಿ ಕ್ಯಾಮಿಗೆ ಉಜ್ಜಿ ಸವೆಯುತ್ತಾ ಹೋದ ಹಾಗೆ ಗ್ಯಾಪ್ ಸಣ್ಣದಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್, ಅಂದರೆ ಕಿಡಿ ಬರುವ ಗಳಿಗೆ, ಹಿಂದೆ ಬೀಳುತ್ತದೆ. ಇದು ದಿನದಿನಕ್ಕೆ ಗೊತ್ತಾಗದ ಹಾಗೆ ನಡೆಯುತ್ತದೆ. ಹಾಗಾಗಿ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಈ ಕ್ರಮ ತಿರುಗಿಸಿದರೆ ಮಾಡಿದ ಕೆಲಸ ವ್ಯರ್ಥ. ಪಾಯಿಂಟಿನ ಒಂದು ಮುಖದಲ್ಲಿ ಗುಳಿ, ಎದುರು ಮುಖದಲ್ಲಿ ಗುಡ್ಡ ಎದ್ದಿದ್ದರೆ ಪಾಯಿಂಟ್ ಸುಡದ ಹಾಗೆ ಕಾಯುವ ಕಂಡೆನ್ಸರ್ ಮೇಲೆ ಅನುಮಾನ ಪಡಿ.

ಇನ್ನು ವ್ಯಾಕ್ಯೂಮ್ ಅಡ್ವಾನ್ಸ್. ಡೆಲ್ಕೊ ಮುಚ್ಚಳ ತೆಗೆಯಿರಿ. ವ್ಯಾಕ್ಯೂಮ್ ಪೈಪನ್ನು ಕಾರ್ಬ್ಯುರೇಟರ್ ಕಡೆಯಿಂದ ಕಳಚಿ, ತುದಿ ಒರೆಸಿ, ಬಾಯಿಂದ ಎಳೆಯಿರಿ. ಒಳಗಿನ ತಟ್ಟೆ ತಿರುಗಬೇಕು. ನಾಲಿಗೆಯಿಂದ ತುದಿ ಮುಚ್ಚಿ ಹಿಡಿದರೆ ತಟ್ಟೆ ಹಾಗೇ ನಿಲ್ಲಬೇಕು. ತಿರುಗದಿದ್ದರೆ ತಟ್ಟೆ ತುಕ್ಕು ಹಿಡಿದು ಕೂತಿದೆ. ಗಾಳಿ ಸರಾಗವಾಗಿ ಬರುತ್ತಲೇ ಇದ್ದರೆ ತಟ್ಟೆಯನ್ನು ಎಳೆಯುವ ಡಯಾಫ್ರಾಮ್ (ರಬ್ಬರ್ ಪದರ) ಹರಿದಿದೆ. ಹರಿದ ಡಯಾಫ್ರಾಮ್ ಎರಡು ಕಡೆ ಕೆಡಿಸುತ್ತದೆ: ಅಡ್ವಾನ್ಸ್ ಬರುವುದಿಲ್ಲ, ಮೇಲಾಗಿ ಅಲ್ಲಿಂದ ಏರ್ ಲೀಕ್ ಬೇರೆ.

ಈಗ ನನ್ನ ವೈರಿನ ವಿಷಯ. ಪಾಯಿಂಟಿನಿಂದ ಡೆಲ್ಕೊ ಹೊರಗಿನ ಟರ್ಮಿನಲ್‌ಗೆ ಒಂದು ಮೆದು ವೈರ್ ಹೋಗುತ್ತದೆ. ತಟ್ಟೆ ತಿರುಗಿದಾಗಲೆಲ್ಲ ಅದು ಬಾಗುತ್ತದೆ. ಒಂದು ದಿನಕ್ಕೆ ಎಷ್ಟು ಸಲ ಆಕ್ಸಿಲರೇಟರ್ ಒತ್ತುತ್ತೇವೆ, ಅಷ್ಟು ಸಲ ಬಾಗುತ್ತದೆ. ವರ್ಷಗಳ ಮೇಲೆ ಒಳಗಿನ ತಾಮ್ರದ ಎಳೆಗಳು ಒಂದೊಂದೇ ಕಡಿದುಹೋಗುತ್ತವೆ. ಹೊರಗಿನ ಹೊದಿಕೆ ಮಾತ್ರ ಹೊಸದರ ಹಾಗೆ ಇರುತ್ತದೆ. ನನ್ನ ಗಾಡಿಯಲ್ಲಿ ಸ್ಲೋ ಸ್ಪೀಡಿನಲ್ಲಿ ತುಂಡುಗಳು ಒಂದಕ್ಕೊಂದು ತಾಗಿಕೊಂಡಿರುತ್ತಿದ್ದವು, ಎಂಜಿನ್ ಹೂವಿನ ಹಾಗೆ ಓಡುತ್ತಿತ್ತು. ಪೆಡಲ್ ಒತ್ತಿದ ಕೂಡಲೇ ತಟ್ಟೆ ತಿರುಗಿ, ವೈರ್ ಎಳೆದು, ತುಂಡುಗಳು ಬಿಟ್ಟುಕೊಳ್ಳುತ್ತಿದ್ದವು. ಕಿಡಿ ಇಲ್ಲ. ಪೂರ್ತಿ ಒತ್ತಿದರೆ ವ್ಯಾಕ್ಯೂಮ್ ಬಿದ್ದು ತಟ್ಟೆ ವಾಪಸ್ ಬರುತ್ತಿತ್ತು, ಗಾಡಿ ಎಳೆಯುತ್ತಿತ್ತು. ಥೇಟ್ ಆಕ್ಸಿಲರೇಟರ್ ಪಂಪ್ ಕೆಟ್ಟ ಹಾಗೇ. ಕೊನೆಗೆ ಆ ವೈರನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದೆ. ನಡುವೆ ಒಂದು ಕಡೆ ಅದು ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗಿತು. ತಾಮ್ರವಿದ್ದರೆ ಹಿಗ್ಗುವುದಿಲ್ಲ ಅಲ್ವಾ?

ಇದನ್ನು ಕಂಡುಹಿಡಿಯಲು ಅರ್ಧ ನಿಮಿಷದ ಪರೀಕ್ಷೆ ಇದೆ. ವ್ಯಾಕ್ಯೂಮ್ ಪೈಪನ್ನು ಡೆಲ್ಕೊದಿಂದ ಕಳಚಿ, ಪೈಪಿನ ಬಾಯಿಯನ್ನು ಒಂದು ಬೋಲ್ಟಿನಿಂದ ಮುಚ್ಚಿ, ಗಾಡಿ ಓಡಿಸಿ. ಎಳೆತ ಸ್ವಲ್ಪ ಮಂದವಾಗಬಹುದು. ಆದರೆ ಮುಗ್ಗರಿಕೆ ಪೂರ್ತಿ ಮಾಯವಾದರೆ ದೋಷ ಆ ತಟ್ಟೆಯಲ್ಲಿ, ಅದರ ವೈರಿನಲ್ಲಿ, ಇಲ್ಲವೇ ಡಯಾಫ್ರಾಮಿನಲ್ಲಿ ಇದೆ. ಖಚಿತ ಮಾಡಿಕೊಳ್ಳಲು ಕಾಯಿಲ್‌ನಿಂದ ಬರುವ ವೈರ್ ಕಳಚಿ, ಪಾಯಿಂಟ್ ಮುಚ್ಚಿರುವ ಹಾಗೆ ಎಂಜಿನ್ ತಿರುಗಿಸಿ ನಿಲ್ಲಿಸಿ. ಮಲ್ಟಿಮೀಟರಿನ ಒಂದು ಕಡ್ಡಿ ಡೆಲ್ಕೊ ಹೊರ ಟರ್ಮಿನಲ್‌ಗೆ, ಇನ್ನೊಂದು ಎಂಜಿನ್ ಬಾಡಿಗೆ. ಓಮ್ಸ್ ಸೊನ್ನೆಯ ಹತ್ತಿರ ಇರಬೇಕು. ಈಗ ಪೈಪಿನಿಂದ ಗಾಳಿ ಎಳೆದು ತಟ್ಟೆ ಆಡಿಸಿ. ಅಂಕಿ ಕುಣಿದರೆ ವೈರ್ ಕಡಿದಿದೆ, ಅಥವಾ ತಟ್ಟೆಯನ್ನು ಬಾಡಿಗೆ ಸೇರಿಸುವ ಹೆಣೆದ ಅರ್ಥ್ ವೈರ್ ಹೋಗಿದೆ. ಎರಡನ್ನೂ ನೋಡಿ. ಹೊಸ ವೈರ್ ಹಾಕುವಾಗ ಮೆದುವಾದ, ಬಹಳ ಎಳೆಗಳಿರುವ ವೈರನ್ನೇ ಹಾಕಿ. ಗಟ್ಟಿ ವೈರ್ ಹಾಕಿದರೆ ತಟ್ಟೆ ಸರಿಯಾಗಿ ತಿರುಗುವುದಿಲ್ಲ, ಬೇಗ ಮತ್ತೆ ಕಡಿಯುತ್ತದೆ.

ಕಿಡಿಯ ಜೊತೆಗೇ ಮಿಂಚುವ ಟೈಮಿಂಗ್ ಲೈಟ್ ಇದ್ದರೆ ವ್ಯಾಕ್ಯೂಮ್ ಪೈಪ್ ಕಳಚಿ ಮುಚ್ಚಿಟ್ಟು, ರೇಸ್ ನಿಧಾನವಾಗಿ ಏರಿಸುತ್ತಾ ಪುಲ್ಲಿಯ ಗುರುತು ನೋಡಿ. ಅದು ಒಂದೇ ಸಮನೆ ಮುಂದೆ ಸರಿಯಬೇಕು. ನಿಂತು ನಿಂತು ಜಿಗಿದರೆ ವೇಗ ಏರಿದ ಹಾಗೆ ಕಿಡಿಯನ್ನು ಬೇಗ ತರುವ, ಡೆಲ್ಕೊ ತಳದ ತೂಕದ ತುಂಡುಗಳು ಒಣಗಿ ಹಿಡಿದುಕೊಂಡಿವೆ. ಬಿಚ್ಚಿ ತೊಳೆದು ಒಂದೆರಡು ಹನಿ ಎಣ್ಣೆ ಬಿಟ್ಟರೆ ಸಾಕು.

ಕಾರ್ಬ್ಯುರೇಟರ್

ಕಿಡಿ ಸರಿಯಿದೆ ಅಂತ ಖಾತ್ರಿಯಾದ ಮೇಲೆ ಇಲ್ಲಿಗೆ ಬನ್ನಿ. ಮೊದಲ ಪರೀಕ್ಷೆಗೆ ಏನೂ ಬಿಚ್ಚಬೇಕಾಗಿಲ್ಲ. ಎಂಜಿನ್ ಆಫ್ ಮಾಡಿ, ಏರ್ ಫಿಲ್ಟರ್ ತೆಗೆದು, ಟಾರ್ಚ್ ಹಿಡಿದು ಕಾರ್ಬ್ಯುರೇಟರ್ ಬಾಯೊಳಗೆ ನೋಡಿ. ಕೈಯಿಂದ ಥ್ರಾಟಲ್ ತಟ್ಟನೆ ತೆರೆಯಿರಿ. ಸಣ್ಣ ಕೊಳವೆಯಿಂದ ಪೆಟ್ರೋಲ್ ಸೂಜಿಯ ಹಾಗೆ ನೇರವಾಗಿ ಚಿಮ್ಮಬೇಕು, ಅದೂ ಥ್ರಾಟಲ್ ಅಲುಗಿದ ಅದೇ ಗಳಿಗೆಯಲ್ಲಿ. ಸ್ವಲ್ಪ ತಡವಾಗಿ ಬಂದರೆ, ತೊಟ್ಟಿಕ್ಕಿದರೆ, ಒಂದು ಬದಿಗೆ ಬಾಗಿ ಗೋಡೆಗೆ ಬಡಿದರೆ ಪಂಪಿನಲ್ಲಿ ದೋಷ. ಡಯಾಫ್ರಾಮ್ ಗಟ್ಟಿಯಾಗಿರಬಹುದು, ಚೆಕ್ ಬಾಲ್ ಕಸ ಹಿಡಿದಿರಬಹುದು, ಪಂಪಿನ ಲಿಂಕ್ ಸವೆದು ಆರಂಭದಲ್ಲಿ ಖಾಲಿ ಆಟವಾಡುತ್ತಿರಬಹುದು. ಲಿಂಕ್ ಸವೆತವನ್ನು ಬಹಳ ಜನ ನೋಡುವುದೇ ಇಲ್ಲ. ಡಯಾಫ್ರಾಮ್ ಹೊಸದು ಹಾಕಿಯೂ ಗುಣವಾಗದಿದ್ದರೆ ಅಲ್ಲಿ ನೋಡಿ.

ಎಸ್‌ಯು ಥರದ, ಪಿಸ್ಟನ್ ಮೇಲೆ ಕೆಳಗೆ ಆಡುವ ಕಾರ್ಬ್ಯುರೇಟರ್‌ಗಳಲ್ಲಿ ಈ ಪಂಪ್ ಇರುವುದಿಲ್ಲ. ಅಲ್ಲಿ ಮೇಲಿನ ಗುಮ್ಮಟದೊಳಗಿನ ಎಣ್ಣೆ ಪಿಸ್ಟನ್ ತಟ್ಟನೆ ಏಳದ ಹಾಗೆ ತಡೆದು, ಆ ಕ್ಷಣ ಪೆಟ್ರೋಲ್ ಜಾಸ್ತಿ ಎಳೆಯುವಂತೆ ಮಾಡುತ್ತದೆ. ಎಣ್ಣೆ ಮುಗಿದಿದ್ದರೆ ಗಾಡಿ ಮುಗ್ಗರಿಸುತ್ತದೆ. ತಿರುಪು ತೆಗೆದು ಎಣ್ಣೆ ಹಾಕಿದರೆ ಕೆಲಸ ಮುಗಿಯಿತು.

ಒಂದೇ ವೇಗದಲ್ಲಿ ಹೋಗುವಾಗ ಜಗ್ಗಿದರೆ ಜೆಟ್‌ನಲ್ಲಿ ಕಸ, ಇಲ್ಲವೇ ಫ್ಲೋಟ್ ಮಟ್ಟ (ಕಾರ್ಬ್ಯುರೇಟರ್ ಬಟ್ಟಲಿನ ಪೆಟ್ರೋಲ್ ಮಟ್ಟ) ಕೆಳಗಿದೆ. ಜೆಟ್‌ಗೆ ತಂತಿ ತೂರಿಸಬೇಡಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಮಿಶ್ರಣ ಬದಲಾಗುತ್ತದೆ. ಕ್ಲೀನರ್ ಮತ್ತು ಗಾಳಿ ಸಾಕು.

ಎಥೆನಾಲ್ ಬೆರೆತ ಪೆಟ್ರೋಲ್ ಬಗ್ಗೆ ಒಂದು ಮಾತು. ಎಥೆನಾಲ್ ಉರಿಯಲು ಒಂದು ಪಾಲಿಗೆ ಸುಮಾರು 9 ಪಾಲು ಗಾಳಿ ಸಾಕು. ಅಂದರೆ ಬರೀ ಪೆಟ್ರೋಲಿಗೆ ಹೊಂದಿಸಿದ ಹಳೇ ಜೆಟ್‌ನಲ್ಲಿ ಬೆರಕೆ ಇಂಧನ ಓಡಿದರೆ ಮಿಶ್ರಣ ತೆಳುವಾಗುತ್ತದೆ. ಮೊದಲೇ ಅಂಚಿನಲ್ಲಿದ್ದ ಎಂಜಿನ್ ಇದರಿಂದ ತಡವರಿಸಲು ಶುರು ಮಾಡಬಹುದು. ಹಳೇ ರಬ್ಬರ್ ಪೈಪ್, ಡಯಾಫ್ರಾಮ್‌ಗಳನ್ನೂ ಅದು ಉಬ್ಬಿಸಿ ಹಾಳು ಮಾಡುತ್ತದೆ. ಆದ್ದರಿಂದ ಬದಲಿಸುವಾಗ ಎಥೆನಾಲ್ ತಡೆಯುವ ರಬ್ಬರನ್ನೇ ಕೇಳಿ ತೆಗೆದುಕೊಳ್ಳಿ.

ತಣ್ಣನೆಯ, ಒದ್ದೆ ಹವೆಯಲ್ಲಿ ಮಾತ್ರ ತಡವರಿಸಿ, ಹತ್ತು ನಿಮಿಷ ನಿಲ್ಲಿಸಿದರೆ ಸರಿಹೋಗುತ್ತದೆಯೇ? ಕಾರ್ಬ್ಯುರೇಟರ್ ಗಂಟಲಲ್ಲಿ ಮಂಜುಗಡ್ಡೆ ಕಟ್ಟುತ್ತಿರಬಹುದು. ಪೆಟ್ರೋಲ್ ಆವಿಯಾಗುವಾಗ ಅಲ್ಲಿನ ಗಾಳಿ ಬಹಳ ತಣಿಯುತ್ತದೆ. ಹಾಗಾಗಿ ಹೊರಗೆ ಸೊನ್ನೆಗಿಂತ ಸಾಕಷ್ಟು ಮೇಲಿದ್ದರೂ ಇದು ಆಗುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ಬಿಸಿ ಗಾಳಿ ತರುವ ಪೈಪ್ ಬಿದ್ದುಹೋಗಿದೆಯೇ ನೋಡಿ.

ಏರ್ ಲೀಕ್

ವ್ಯಾಕ್ಯೂಮ್ ಗೇಜ್ ಇದ್ದರೆ ಮ್ಯಾನಿಫೋಲ್ಡಿಗೆ ಸಿಕ್ಕಿಸಿ. ಆರೋಗ್ಯವಾಗಿರುವ ಎಂಜಿನ್ ಸ್ಲೋ ಸ್ಪೀಡಿನಲ್ಲಿ, ಸಮುದ್ರಮಟ್ಟದಲ್ಲಿ, 17 ರಿಂದ 21 ಇಂಚು (ಪಾದರಸದ ಅಳತೆ) ತೋರಿಸುತ್ತದೆ. ಎತ್ತರದ ಊರಾದರೆ ಪ್ರತಿ 1000 ಅಡಿಗೆ ಸುಮಾರು ಒಂದು ಇಂಚು ಕಡಿಮೆ. ಮುಳ್ಳು ಕೆಳಗೆ ನಿಂತೇ ಇದ್ದರೆ ಲೀಕ್ ಅಥವಾ ಹಿಂದೆ ಬಿದ್ದ ಟೈಮಿಂಗ್. ಗೇಜ್ ಇಲ್ಲದಿದ್ದರೆ ಒಂದೊಂದೇ ರಬ್ಬರ್ ಪೈಪನ್ನು ಇಕ್ಕಳದಿಂದ ಮೆತ್ತಗೆ ಅದುಮಿ. ಯಾವುದನ್ನು ಅದುಮಿದಾಗ ಎಂಜಿನ್ ಸದ್ದು ಬದಲಾಗುತ್ತದೋ ಅಲ್ಲಿ ಲೀಕ್. ಬ್ರೇಕ್ ಬೂಸ್ಟರಿನ ಪೈಪನ್ನು ಮರೆಯಬೇಡಿ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸುತ್ತ ಕ್ಲೀನರ್ ಸ್ಪ್ರೇ ಹೊಡೆದು ನೋಡುವ ರೂಢಿ ಇದೆ. ಬಿಸಿ ಎಕ್ಸಾಸ್ಟ್ ಮೇಲೆ ಅದು ಹೊತ್ತಿಕೊಳ್ಳುತ್ತದೆ. ಮಾಡಲೇಬೇಕೆಂದರೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಮೊದಲ ನಿಮಿಷದಲ್ಲಿ, ಚಿಟಿಕೆಯಷ್ಟು ಮಾತ್ರ.

ಏರಿನಲ್ಲಿ, ದೂರ ಹೋದ ಮೇಲೆ

ತಡವರಿಸುತ್ತಿರುವಾಗಲೇ ಬದಿಗೆ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆಗೆಯಿರಿ. ‘ಸ್ಸ್’ ಅಂತ ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಸರಿಯಾಗಿ ಓಡಿದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಅದಿಲ್ಲದಿದ್ದರೆ ಪೆಟ್ರೋಲ್ ಫಿಲ್ಟರ್, ಆಮೇಲೆ ಪಂಪ್. ಎಂಜಿನ್ನಿಗೆ ಅಂಟಿಕೊಂಡ ಮೆಕ್ಯಾನಿಕಲ್ ಪಂಪ್ ಒತ್ತಡ ಕೆಲವೇ ಪಿಎಸ್‌ಐ ಇರುತ್ತದೆ, ಹಾಗಾಗಿ ಸಣ್ಣ ಅಡ್ಡಿಯೂ ಸಾಕು. ಹಳೇ ರಬ್ಬರ್ ಪೈಪಿನ ಒಳಪದರ ಕಿತ್ತು ಬಾಗಿಲಿನ ಹಾಗೆ ಮುಚ್ಚಿಕೊಳ್ಳುವುದೂ ಉಂಟು. ಹೊರಗಿನಿಂದ ಏನೂ ಕಾಣುವುದಿಲ್ಲ.

ಪೆಟ್ರೋಲ್, ಕಿಡಿ ಎರಡೂ ಸರಿಯಿದ್ದು ರೇಸ್ ಏರಿದಷ್ಟೂ ಉಸಿರು ಕಟ್ಟುತ್ತಿದ್ದರೆ ಸೈಲೆನ್ಸರ್ ಕಟ್ಟಿದೆಯೇ ನೋಡಿ. 2500 ಆರ್‌ಪಿಎಂನಲ್ಲಿ ಹಿಡಿದಿಟ್ಟಾಗ ವ್ಯಾಕ್ಯೂಮ್ ಗೇಜಿನ ಮುಳ್ಳು ನಿಧಾನವಾಗಿ ಇಳಿಯುತ್ತಲೇ ಹೋದರೆ ಅದೇ ಗುರುತು.

ಮೊದಮೊದಲ ಇಂಜೆಕ್ಷನ್ ಗಾಡಿಗಳು

ಇಲ್ಲಿ ಆಕ್ಸಿಲರೇಟರ್ ಪಂಪಿನ ಕೆಲಸ ಕಂಪ್ಯೂಟರ್ ಮಾಡುತ್ತದೆ. ಪೆಡಲ್ ಒತ್ತಿದ್ದು ಅದಕ್ಕೆ ಗೊತ್ತಾಗುವುದು ಥ್ರಾಟಲ್ ಪೊಸಿಷನ್ ಸೆನ್ಸರಿನಿಂದ. ಬಹಳ ಗಾಡಿಗಳಲ್ಲಿ ಥ್ರಾಟಲ್ ಮುಚ್ಚಿದ್ದಾಗ ಸುಮಾರು 0.5 ವೋಲ್ಟ್, ಪೂರ್ತಿ ತೆರೆದಾಗ 4.5 ವೋಲ್ಟ್ ಆಸುಪಾಸು. ಮುಳ್ಳಿರುವ ಹಳೇ ಮೀಟರ್ ಸಿಕ್ಕಿಸಿ ಥ್ರಾಟಲ್ ಬಹಳ ನಿಧಾನವಾಗಿ ತೆರೆಯಿರಿ. ಮುಳ್ಳು ಎಲ್ಲಾದರೂ ತಟ್ಟನೆ ಬಿದ್ದೆದ್ದರೆ ಅಲ್ಲಿ ಸೆನ್ಸರಿನ ಒಳಗಿನ ಪಟ್ಟಿ ಸವೆದಿದೆ. ಸಾಮಾನ್ಯವಾಗಿ ಅದು ಮುಚ್ಚಿದ ಸ್ಥಾನದಿಂದ ಸ್ವಲ್ಪವೇ ಮುಂದೆ ಇರುತ್ತದೆ. ದಿನವೆಲ್ಲ ಓಡಾಡುವುದು ಅಲ್ಲೇ ತಾನೇ.

ಆಮೇಲೆ ನೀರಿನ ಬಿಸಿ ಅಳೆಯುವ ಸೆನ್ಸರ್. ಇದು ಮೀಟರ್ ಮುಳ್ಳಿನದಲ್ಲ, ಕಂಪ್ಯೂಟರಿಗೆ ಹೋಗುವುದು. ಬಹಳ ಸೆನ್ಸರ್‌ಗಳು 20 ಡಿಗ್ರಿಯಲ್ಲಿ 2 ರಿಂದ 3 ಕಿಲೋ ಓಮ್ಸ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ಸ್ ತೋರಿಸುತ್ತವೆ. ತಣ್ಣಗಿದ್ದಾಗಲೇ ಬಿಸಿ ಅಂತ ಸುಳ್ಳು ಹೇಳುತ್ತಿದ್ದರೆ ಬೆಳಗ್ಗೆ ತಡವರಿಕೆ ಖಂಡಿತ. ಪೆಟ್ರೋಲ್ ಒತ್ತಡ ಹದದಲ್ಲಿಡುವ ಪ್ರೆಷರ್ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಳಚಿ ಮೂಸಿ ನೋಡಿ. ಒಳಗೆ ಪೆಟ್ರೋಲ್ ಒದ್ದೆ ಇದ್ದರೆ ಡಯಾಫ್ರಾಮ್ ಹರಿದಿದೆ. ಗಾಳಿ ಅಳೆಯುವ ಬಿಸಿ ತಂತಿಯ ಸೆನ್ಸರ್ ಕೊಳಕಾಗಿದ್ದರೆ ಅದಕ್ಕೆಂದೇ ಇರುವ ಕ್ಲೀನರ್ ಮಾತ್ರ ಬಳಸಿ, ತಂತಿ ಮುಟ್ಟಬೇಡಿ.

ಇಷ್ಟಾದರೂ ಹೋಗದಿದ್ದರೆ

ಟ್ಯಾಪೆಟ್ ಗ್ಯಾಪ್ (ವಾಲ್ವ್ ತೆರೆಯುವ ಭಾಗಗಳ ನಡುವಿನ ಸಂದು) ನೋಡಿ, ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರ್ ಹಿಡಿದಿಡುವ ಒತ್ತಡ, ಅಳೆಯಿರಿ. ಎಲ್ಲ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ಕಿಡಿಯ ಸಂಪರ್ಕ ತಪ್ಪಿಸಿ ಅಳೆಯಬೇಕು. ಒಂದು ಸಿಲಿಂಡರ್ ಬೇರೆಯವಕ್ಕಿಂತ ಶೇಕಡಾ 15ಕ್ಕಿಂತ ಜಾಸ್ತಿ ಕೆಳಗಿದ್ದರೆ ವಾಲ್ವ್ ಅಥವಾ ರಿಂಗ್ ಕಡೆ ಹೋಗಬೇಕು. ಅದು ಟ್ಯೂನಿಂಗಿನಿಂದ ಸರಿಹೋಗುವ ಕೆಲಸವಲ್ಲ.

ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ. ಪ್ರತಿ ಸಲ ಅದೇ ರಸ್ತೆಯಲ್ಲಿ, ಅದೇ ಏರಿನಲ್ಲಿ, ಅದೇ ಗೇರಿನಲ್ಲಿ ಓಡಿಸಿ ಬರೆದುಕೊಳ್ಳಿ. ವೈರ್ ಬದಲಿಸಿದ ದಿನ ನಾನು ಮೂರನೇ ಗೇರಿನಲ್ಲಿ, ಮೊದಲು ಗಾಡಿ ಮುಗ್ಗರಿಸುತ್ತಿದ್ದ ಅದೇ ಏರಿನ ಬುಡದಲ್ಲಿ, ಪೆಡಲ್ ಮೆಲ್ಲಗೆ ಒತ್ತಿದೆ. ಪಾದದ ಜೊತೆಗೇ ಗಾಡಿ ಏರಿತು. ಕೆಳಗಿಳಿದು ಬಂದು ಇನ್ನೂ ನಾಲ್ಕು ಸಲ ಹತ್ತಿಸಿದೆ, ಐದನ್ನೂ ಪುಸ್ತಕದಲ್ಲಿ ಬರೆದೆ.